ಮೈಸೂರು ಪೇಟೆ ನಡಿಗೆ: ಮಂಡಿ ನೋವಿನವರಿಗೂ ಆಗುತ್ತೆ, ಆದರೆ ಮಾರ್ಕೆಟ್ಟಿನಿಂದ ಶುರು ಮಾಡಿ

ಮೈಸೂರಿಗೆ ಬರೋ ನೆಂಟರಲ್ಲಿ ಹೆಚ್ಚಿನವರು ಒಂದೇ ದಿನದಲ್ಲಿ ಬೆಟ್ಟ, ಝೂ, ಅರಮನೆ, ಬೃಂದಾವನ ಮುಗಿಸಿ ರಾತ್ರಿ ಟ್ರೈನ್ ಹತ್ತುತ್ತಾರೆ. ಅಷ್ಟನ್ನೂ ನೋಡಿರುತ್ತಾರೆ, ಊರನ್ನು ಮಾತ್ರ ಕಾರಿನ ಕಿಟಕಿಯಿಂದ ನೋಡಿರುತ್ತಾರೆ. ಅಂಥವರಿಗೆ ನಾನು ಹೇಳೋದು ಒಂದೇ: ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು ದೇವರಾಜ ಮಾರ್ಕೆಟ್ಟಿನಿಂದ ದೊಡ್ಡ ಗಡಿಯಾರದವರೆಗೆ ನಡೀರಿ. ನಡುವೆ ಜಗನ್ಮೋಹನ ಅರಮನೆ ಕಡೆ ತಿರುಗಿ ಬಂದರೂ ಎರಡು ಕಿಲೋಮೀಟರ್ ಆಸುಪಾಸು. ಹತ್ತಿಳಿಯೋದು ಹೆಚ್ಚೇನೂ ಇಲ್ಲ, ದಾರಿ ತಪ್ಪುವ ಭಯವೂ ಇಲ್ಲ.

ಇದು "ಸುಲಭದ ದಾರಿ" ಅಂತ ಎಲ್ಲರೂ ಹೇಳುತ್ತಾರೆ. ಯಾರಿಗೆ ಸುಲಭ ಅಂತ ಕೇಳಬೇಕು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡೋಳು, ಮಕ್ಕಳ ಸಾಲು ಕಟ್ಟಿಕೊಂಡು ಈ ದಾರಿಯಲ್ಲಿ ಹೋಗಿ ಅಭ್ಯಾಸ ಇದೆ. ಈ ಸಲ ನಾನು ಅಳತೆಗೋಲು ಮಾಡಿಕೊಂಡಿದ್ದು ನಮ್ಮತ್ತೆಯ ಮಂಡಿಯನ್ನು. ತೀರ್ಥಹಳ್ಳಿ ಕಡೆಯವರು, ಎಪ್ಪತ್ತು ದಾಟಿದೆ, ಎರಡೂ ಮಂಡಿ ಸವೆದಿವೆ, ಆದರೆ ಕುತೂಹಲ ಒಂದಿಷ್ಟೂ ಸವೆದಿಲ್ಲ. ಅವರು ಎಲ್ಲಿ ಕೂತರು, ಎಲ್ಲಿ ಗೊಣಗಿದರು, ಎಲ್ಲಿಂದ ಏಳೋದಿಲ್ಲ ಅಂದರು ಅನ್ನೋದರ ಮೇಲೆ ಈ ವಿಮರ್ಶೆ ನಿಂತಿದೆ.

ಮೊದಲು ಕ್ರಮದ ಬಗ್ಗೆ. ದಸರೆ ಹೊತ್ತಿನಲ್ಲಿ ನಡೆಯುವ ಪಾರಂಪರಿಕ ನಡಿಗೆ ದೊಡ್ಡ ಗಡಿಯಾರದ ಮಗ್ಗುಲಿನ ಟೌನ್‌ಹಾಲ್ ಮುಂದಿನಿಂದ ಹೊರಡುತ್ತದೆ. ಪಂಚೆ, ಸೀರೆ, ಪೇಟ ಎಲ್ಲ ಉಟ್ಟುತೊಟ್ಟು ಜನ ಬರುತ್ತಾರೆ, ನೋಡೋಕೆ ಚೆಂದ. ಗುಂಪು ದೊಡ್ಡದಾದಷ್ಟೂ ಹಿಂದಿದ್ದವರಿಗೆ ವಿವರಣೆ ಕೇಳಿಸೋದು ಕಷ್ಟ, ಅದಿರಲಿ. ನೀವು ನಿಮ್ಮಷ್ಟಕ್ಕೆ ಹೋಗೋದಾದರೆ ದಿಕ್ಕು ತಿರುಗಿಸಿ, ಮಾರ್ಕೆಟ್ಟಿನಿಂದ ಟೌನ್‌ಹಾಲ್ ಕಡೆಗೆ ಬನ್ನಿ. ಬೆಳಗ್ಗೆ ಏಳೂವರೆಗೆ ಮಾರ್ಕೆಟ್ ಒಳಗಿದ್ದರೆ ಹೂವು ತಾಜಾ, ನೆಲ ಇನ್ನೂ ಕೊಚ್ಚೆಯಾಗಿರಲ್ಲ, ನೆರಳಿರುತ್ತದೆ. ಕೆ.ಆರ್. ಸರ್ಕಲ್ಲಿಗೆ ಬರೋ ಹೊತ್ತಿಗೆ ಬಿಸಿಲು ಏರಿದ್ದರೂ ನಡೆಯೋದು ಅಲ್ಲಿಂದ ಮುಂದೆ ಸ್ವಲ್ಪವೇ. ಟೌನ್‌ಹಾಲಿನಿಂದ ಶುರು ಮಾಡಿದವರು ಮಾರ್ಕೆಟ್ ಮುಟ್ಟುವಾಗ ಸುಸ್ತಾಗಿರುತ್ತಾರೆ, ಅಲ್ಲಿ ಜನ ತುಂಬಿರುತ್ತಾರೆ, ಒಳಗೆ ಇಣುಕಿ ಒಂದು ಫೋಟೊ ತೆಗೆದು ಹೊರಡುತ್ತಾರೆ. ಇಡೀ ದಾರಿಯಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಜಾಗಕ್ಕೆ ಅತಿ ಕಡಿಮೆ ಹೊತ್ತು ಸಿಗುತ್ತದೆ.

ದೇವರಾಜ ಮಾರ್ಕೆಟ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಕಟ್ಟಡ, ಚಾಮರಾಜೇಂದ್ರ ಒಡೆಯರ ಕಾಲದ್ದು. ಹೆಸರು ಮಾತ್ರ ಹದಿನೇಳನೆಯ ಶತಮಾನದ ದೊಡ್ಡ ದೇವರಾಜ ಒಡೆಯರದ್ದು. ಇದರ ಜಾಗದಲ್ಲಿ ಮೊದಲು ಹರಿಯುತ್ತಿದ್ದದ್ದು ದಿವಾನ್ ಪೂರ್ಣಯ್ಯನವರ ನಾಲೆ. ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ನೋಡಿದರೆ ಬರೀ ಅಂಗಡಿ ಸಾಲು ಅನ್ನಿಸುತ್ತದೆ, ಬೋರ್ಡುಗಳ ಹಿಂದೆ ಕಟ್ಟಡ ಅಡಗಿದೆ. ಒಳಗೆ ಹೋದ ಮೇಲೇ ಅದರ ಉದ್ದ ಗೊತ್ತಾಗೋದು.

ಚಿಕ್ಕ ಗಡಿಯಾರದ ಕಡೆಯ ದಕ್ಷಿಣದ ಬಾಗಿಲಿನಿಂದ ಒಳಗೆ ಹೋಗಿ. ಕುಂಕುಮವನ್ನು ಗೋಪುರದ ಹಾಗೆ ಪೇರಿಸಿಟ್ಟ ಅಂಗಡಿಗಳು ಸಿಗುತ್ತವೆ. ಇಂಟರ್ನೆಟ್ಟಿನಲ್ಲಿ ಮೈಸೂರಿನದು ಅಂತ ಓಡಾಡುವ ಫೋಟೊಗಳಲ್ಲಿ ಅರ್ಧ ಇವೇ. ಫೋಟೊ ತೆಗೆದುಕೊಳ್ಳಿ, ತೆಗೆದ ಮೇಲೆ ಒಂದು ಪೊಟ್ಟಣ ಅರಿಸಿನ ಆದರೂ ತಗೊಳ್ಳಿ. ಬೆಳಗ್ಗೆಯಿಂದ ನೂರು ಜನ ಬಂದು ಕ್ಲಿಕ್ಕಿಸಿ ಹೋಗುವಾಗ ಕೂತವರ ಮುಖ ಹೇಗಿರುತ್ತೆ ಅಂತ ನಾನು ನೋಡಿದ್ದೇನೆ.

ನಮ್ಮತ್ತೆ ಅಲ್ಲಿ ನಿಲ್ಲಲಿಲ್ಲ, ನೇರ ಹೂವಿನ ಸಾಲಿಗೆ ನಡೆದರು. ಮೈಸೂರು ಮಲ್ಲಿಗೆಯ ಕಾಲ ಅದು. ಹೂವು ಇಲ್ಲಿ ಮೊಳದ ಲೆಕ್ಕದಲ್ಲಿ, ಮಾರುವವರ ಕೈಯಲ್ಲೇ ಅಳತೆ. ಅತ್ತೆ ಮೊದಲ ಅಂಗಡಿ ದಾಟಿದರು, ಎರಡನೆಯದೂ ದಾಟಿದರು, ಮೂರನೆಯದರ ಮುಂದೆ ನಿಂತರು. "ಯಾಕತ್ತೆ, ಅಲ್ಲೂ ಇದೇ ಹೂವಲ್ವಾ?" ಅಂದೆ. "ಅವಳ ಕೈ ನೋಡಿದ್ಯಾ? ಗಿಡ್ಡ. ಇವನ ಕೈ ನೋಡು," ಅಂದರು. ಆ ಹುಡುಗ ಆರಡಿ ಇದ್ದ. ಮೊಣಕೈಯಿಂದ ಬೆರಳ ತುದಿವರೆಗೆ ದಂಡೆ ಹಿಡಿದು, ಮೂರು ಸಲ ಮಡಚಿ, ಬಾಳೆ ಎಲೆಯ ತುಂಡಿನಲ್ಲಿ ಸುತ್ತಿ ಬಾಳೆ ನಾರಿನಿಂದ ಕಟ್ಟಿ ಕೊಟ್ಟ. ಕೊನೆಗೆ ಅರ್ಧ ಗೇಣು ಹೆಚ್ಚೇ ಬಿಟ್ಟ. "ಅಜ್ಜಿ ಮುಡ್ಕೊಳ್ಳಿ," ಅಂದ. ಅತ್ತೆ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

ಎಲೆ ಸಾಲಿನಲ್ಲಿ ಮೈಸೂರು ಚಿಗುರೆಲೆ ಇರುತ್ತದೆ. ನಂಜನಗೂಡು ರಸ್ತೆ ಕಡೆಯ ಎಲೆತೋಟಗಳ ಹೆಸರು ಉಳಿಸಿಕೊಂಡ ಎಲೆ, ಹೃದಯದ ಆಕಾರ, ತೆಳು, ಬಾಯಿಗೆ ಹಾಕಿದರೆ ಖಾರ ಕಡಿಮೆ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ರಸಬಾಳೆ ಅಂತ ಕೂಗಿ ಮಾರುವುದೆಲ್ಲ ರಸಬಾಳೆ ಅಲ್ಲ. ಬೆಳೆಯೋರು ಕಡಿಮೆಯಾಗಿದ್ದಾರೆ, ಹಾಗಾಗಿ ರಾಶಿ ರಾಶಿ ಅಗ್ಗವಾಗಿ ಸಿಕ್ಕರೆ ಅನುಮಾನ ಪಡಿ. ಯಾವುದು ಅಂತ ಕೇಳಿ, ಒಂದು ಬಿಡಿಸಿ ತಿಂದು ಆಮೇಲೆ ಚಿಪ್ಪು ತಗೊಳ್ಳಿ.

ಇಲ್ಲಿಯೇ ಒಂದು ಎಚ್ಚರಿಕೆ. ಗಂಧದೆಣ್ಣೆ, ಮಲ್ಲಿಗೆ ಎಣ್ಣೆ, ಕಮಲದ ಎಣ್ಣೆ ಅಂತ ಗಾಜಿನ ಪುಟ್ಟ ಬಾಟಲಿಗಳನ್ನು ಸಾಲಾಗಿಟ್ಟು ಕೈಗೆ ಹಚ್ಚುವವರಿದ್ದಾರೆ. ಒಂದು ಅಂಗಡಿಯಲ್ಲಿ ನನ್ನ ಮಣಿಕಟ್ಟಿಗೆ ಹಚ್ಚಿದ್ದು "ಶುದ್ಧ ಶ್ರೀಗಂಧ", ಬೆಲೆ ಕೇಳಿದರೆ ಒಂದು ತಟ್ಟೆ ಊಟದಷ್ಟು. ಶ್ರೀಗಂಧದ ಎಣ್ಣೆ ಆ ಬೆಲೆಗೆ ಬರುವುದಿಲ್ಲ. ಸುವಾಸನೆ ಚೆನ್ನಾಗಿದೆ ಅಂತ ತಗೊಂಡರೆ ತೊಂದರೆ ಇಲ್ಲ, ಶ್ರೀಗಂಧ ಅಂತ ತಗೋಬೇಡಿ. ಅದು ಬೇಕಾದರೆ ಸರ್ಕಾರಿ ಮಳಿಗೆಗೇ ಹೋಗಿ.

ಮಾರ್ಕೆಟ್ಟಿನ ಉತ್ತರದ ತುದಿಗೆ ಹೋದರೆ ಮನಸ್ಸು ಇಳಿಯುತ್ತದೆ. 2016ರ ಆಗಸ್ಟ್‌ನಲ್ಲಿ ಆ ಕಡೆಯ ಬಾಗಿಲಿನ ಭಾಗ ಕುಸಿದುಬಿತ್ತು. ಅಂದಿನಿಂದ ಕೆಡವಿ ಹೊಸದು ಕಟ್ಟಬೇಕೋ, ಇದ್ದದ್ದನ್ನೇ ದುರಸ್ತಿ ಮಾಡಬೇಕೋ ಅನ್ನುವ ಜಗಳ, ಕೋರ್ಟಿನವರೆಗೂ ಹೋದ ಜಗಳ. ನನ್ನ ಮತ ದುರಸ್ತಿಗೆ. ಹೊಸದಾಗಿ ಕಟ್ಟಿದ ಮೇಲೆ ಮೊಳ ಹಾಕಿ ಹೂವು ಮಾರುವವನಿಗೆ ಅಲ್ಲಿ ಎರಡಡಿ ಜಾಗ ಸಿಗುತ್ತೆ ಅಂತ ನನಗೆ ನಂಬಿಕೆ ಇಲ್ಲ.

ಹೊರಗೆ ಸಯ್ಯಾಜಿರಾವ್ ರಸ್ತೆಯ ಕಡೆ ಬಂದರೆ ಮಾರ್ಕೆಟ್ ಕಟ್ಟಡದಲ್ಲೇ ಗುರು ಸ್ವೀಟ್ಸ್ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯ ಅಡುಗೆಮನೆಯಲ್ಲಿ ಮೈಸೂರು ಪಾಕ್ ಮಾಡಿದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಚಿಕ್ಕದು, ಕೂರೋಕೆ ಜಾಗ ಇಲ್ಲ, ಫುಟ್‌ಪಾತಿನಲ್ಲೇ ನಿಂತು ತಿನ್ನಬೇಕು. ಪಾಕ್ ಮೆತ್ತಗೆ, ತುಪ್ಪ ಧಾರಾಳ, ಬೆರಳಲ್ಲಿ ಹಿಡಿದರೆ ಬೆರಳು ಹೊಳೆಯುತ್ತದೆ. ನನಗೆ ರುಚಿಸಿತು. ಅತ್ತೆಗೆ ಹಿಡಿಸಲಿಲ್ಲ. ಅವರಿಗೆ ಒಳಗೆ ಗೂಡುಗೂಡಾಗಿ, ಮಧ್ಯೆ ಕೆಂಪಗೆ, ಕಚ್ಚಿದರೆ ಕರುಂ ಅನ್ನುವ ಹಳೇ ಮದುವೆ ಮನೆಯ ಪಾಕೇ ಆಗಬೇಕು. "ಇದು ಪಾಕ್ ಅಲ್ಲ, ತುಪ್ಪದ ಹಲ್ವ," ಅಂದರು, ಅಂದು ಎರಡನೆಯ ತುಂಡಿಗೆ ಕೈ ಚಾಚಿದರು. ಕಾಲು ಕೆಜಿ ಸಾಕು, ಒಂದು ಕೆಜಿ ಹೊತ್ತು ನಡೆಯೋದು ಬೇಡ.

ಅಲ್ಲಿಂದ ಹಿಂದಿರುಗಿ ಚಿಕ್ಕ ಗಡಿಯಾರ. ವೈಸ್‌ರಾಯ್ ಲಾರ್ಡ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ 1886ರಲ್ಲಿ ಕಟ್ಟಿದ್ದು. ಡಫರಿನ್ ಅಂದರೆ ಆಟೋದವರಿಗೆ ಗೊತ್ತಾಗಲ್ಲ, ಚಿಕ್ಕ ಗಡಿಯಾರ ಅನ್ನಿ. ಹೆಸರಿಗೆ ತಕ್ಕ ಹಾಗೆ ಚಿಕ್ಕದು, ಅದರ ಸುತ್ತ ಬೆಳೆದ ಗದ್ದಲ ದೊಡ್ಡದು. ಇಲ್ಲಿ ಕೂತು ಐದು ನಿಮಿಷ ಕಾಲು ಚಾಚಬಹುದು. ನಾವು ಹದಿನೈದು ನಿಮಿಷ ಕೂತೆವು.

ಪಕ್ಕದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ, ಇನ್ನೊಬ್ಬ ವೈಸ್‌ರಾಯ್ ಹೆಸರಿನದು. ನಾನು ಓದುವಾಗ ಇಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಜೂನ್ ತಿಂಗಳಲ್ಲಿ ಹಿಂದಿನ ವರ್ಷದವರು ಮಾರಿದ ಪಠ್ಯಪುಸ್ತಕ ಅರ್ಧ ಬೆಲೆಗೆ ಸಿಗೋದು, ಜೊತೆಗೆ ಅವರು ಬರೆದ ಉತ್ತರಗಳೂ ಪುಕ್ಕಟೆ. 2012ರ ಆಗಸ್ಟ್‌ನಲ್ಲಿ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಂಗಡಿಗಳು ಖಾಲಿಯಾದವು. ಕಮಾನುಗಳ ಸಾಲು ಹೊರಗಿನಿಂದ ಈಗಲೂ ಚೆಂದ, ಆದರೆ ಮಾಡಿನ ಕೆಳಗೆ ನೆರಳಿದೆ ಅಂತ ಹೋಗಿ ನಿಲ್ಲಬೇಡಿ. ರಸ್ತೆಯ ಈಚೆಯಿಂದ ನೋಡಿ ಮುಂದೆ ಹೋಗಿ.

ಜಗನ್ಮೋಹನ ಅರಮನೆಗೆ ತಿರುಗಬೇಕೋ ಬೇಡವೋ ಅನ್ನೋದು ನಿಮ್ಮ ಮಂಡಿ ಹೇಳಬೇಕು. ದೂರ ಏನಿಲ್ಲ, ಆದರೆ ಗ್ಯಾಲರಿ ಒಳಗೆ ಮೆಟ್ಟಿಲಿದೆ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ಹಳೇ ಮರದ ಅರಮನೆ ಬೆಂಕಿಗೆ ಬಿದ್ದಾಗ ರಾಜಮನೆತನ ಇಲ್ಲೇ ಬಂದು ಇತ್ತು. 1902ರಲ್ಲಿ ನಾಲ್ವಡಿಯವರಿಗೆ ಲಾರ್ಡ್ ಕರ್ಜನ್ ಅಧಿಕಾರ ವಹಿಸಿಕೊಟ್ಟದ್ದೂ ಇಲ್ಲೇ. 1915ರಿಂದ ಇದು ಚಿತ್ರಶಾಲೆ. ರವಿವರ್ಮನ ಚಿತ್ರಗಳಿವೆ, ಆದರೆ ಜನ ಗುಂಪು ಕಟ್ಟೋದು ದೀಪ ಹಿಡಿದ ಹೆಂಗಸಿನ ಮುಂದೆ. ಕೈಯಲ್ಲಿ ದೀಪ, ಬೆರಳ ಸಂದಿಯಿಂದ ಕೆಂಪು ಬೆಳಕು. ಅದೂ ರವಿವರ್ಮನದ್ದೇ ಅಂತ ಪಕ್ಕದಲ್ಲಿ ನಿಂತವರು ಮಕ್ಕಳಿಗೆ ಹೇಳುತ್ತಿದ್ದರು. ಅಲ್ಲ, ಅದು ಎಸ್.ಎಲ್. ಹಲ್ದಂಕರ್ ಅವರದ್ದು. ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದ ಜಲವರ್ಣ. ಎಣ್ಣೆ ಬಣ್ಣದಲ್ಲಿ ಆ ಬೆಳಕು ತರಬಹುದೇನೋ, ನೀರು ಬಣ್ಣದಲ್ಲಿ ತಂದದ್ದು ನೋಡಿ ಅತ್ತೆ ಮೆಟ್ಟಿಲಿನ ನೋವು ಮರೆತರು. ಇಳಿಯುವಾಗ ನೆನಪಾಯಿತು.

ಇನ್ನು ಕೆ.ಆರ್. ಸರ್ಕಲ್. ಇಡೀ ನಡಿಗೆಯಲ್ಲಿ ಕಷ್ಟದ ಜಾಗ ಒಂದೇ ಒಂದಿದ್ದರೆ ಇದು. ಮಂಟಪದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರತಿಮೆ, ಸುತ್ತ ಎಲ್ಲ ದಿಕ್ಕಿನಿಂದ ಬಂದು ಸೇರುವ ರಸ್ತೆಗಳು, ಪಕ್ಕದಲ್ಲೇ ಸಿಟಿ ಬಸ್ ಸ್ಟ್ಯಾಂಡ್. ಬಸ್ಸು ತಿರುಗುತ್ತಲೇ ಇರುತ್ತದೆ. ವಯಸ್ಸಾದವರಿದ್ದರೆ ಪೊಲೀಸಿನವರು ನಿಂತಿರೋ ಕಡೆಯೇ ದಾಟಿ, ಕೈ ಹಿಡಿದುಕೊಂಡು ದಾಟಿ. ಸಿಗ್ನಲ್ ನಮಗೆ ಬಿದ್ದರೂ ಸ್ಕೂಟರಿನವರು ನಿಲ್ಲುತ್ತಾರೆ ಅಂತಿಲ್ಲ. ಫುಟ್‌ಪಾತ್ ಇದೆ, ಆದರೆ ಒಂದು ಕಡೆ ಕಲ್ಲು ಎದ್ದಿದೆ, ಇನ್ನೊಂದು ಕಡೆ ಬಟ್ಟೆ ಮಾರುವವರು. ಗಾಲಿಕುರ್ಚಿಯವರಿಗೆ ಈ ತುಂಡು ಆಗೋದಿಲ್ಲ ಅಂತಲೇ ಹೇಳಬೇಕು. ಅವರು ಮಾರ್ಕೆಟ್ ನೋಡಿ, ಆಟೋ ಹಿಡಿದು ಟೌನ್‌ಹಾಲ್ ಹತ್ತಿರ ಇಳಿಯೋದು ವಾಸಿ.

ಸರ್ಕಲ್ ದಾಟಿದರೆ ಎದುರಿಗೇ ಚಾಮರಾಜ ವೃತ್ತ. ಈ ಊರಿನ ನಡುಭಾಗದ ಗುಣ ಇದು. ಒಂದು ಕಡೆ ನಿಂತರೆ ಮುಂದೆ ಹೋಗಬೇಕಾದ್ದು ಕಾಣುತ್ತದೆ. ಮೊಬೈಲಿನಲ್ಲಿ ಮ್ಯಾಪ್ ತೆಗೆಯೋ ಅಗತ್ಯ ಬೀಳಲ್ಲ. ಅಲ್ಲಿ ಮಗನ ಪ್ರತಿಮೆ, ಇಲ್ಲಿ ತಂದೆ ಚಾಮರಾಜೇಂದ್ರ ಒಡೆಯರದ್ದು. ತಂದೆ 1894ರಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡಾಗ ವಯಸ್ಸು ಮೂವತ್ತೊಂದು, ಮಗನಿಗೆ ಹತ್ತು. ಮುಂದಿನ ಎಂಟು ವರ್ಷ ರಾಜ್ಯ ನಡೆಸಿದವರು ರಾಣಿ ವಾಣಿವಿಲಾಸ ಸನ್ನಿಧಾನ. ಅರಮನೆ ಸುಟ್ಟದ್ದು, ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಗೆ ಹೊಸ ಅರಮನೆಯ ಕೆಲಸ ಒಪ್ಪಿಸಿದ್ದು, ಎಲ್ಲ ಅವರ ಕಾಲದಲ್ಲಿ. ಗಂಡನಿಗೆ ಒಂದು ಮಂಟಪ, ಮಗನಿಗೆ ಒಂದು ಮಂಟಪ, ಎರಡರ ನಡುವಿನ ಎಂಟು ವರ್ಷ ಹೊತ್ತ ಹೆಂಗಸಿಗೆ ಈ ದಾರಿಯಲ್ಲಿ ಒಂದು ಕಲ್ಲೂ ನನಗೆ ಕಾಣಲಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದಾಗ ಈ ಜಾಗದಲ್ಲಿ ನಿಲ್ಲಿಸಿ ಇದನ್ನು ಹೇಳುತ್ತೇನೆ. ಹುಡುಗಿಯರು ಆಗ ತಲೆ ಎತ್ತಿ ಕೇಳುತ್ತಾರೆ.

ಎದುರಿಗೆ ಅರಮನೆಯ ಉತ್ತರದ ಬಾಗಿಲು, ಹತ್ತಿರದಲ್ಲೇ ಕೋಟೆ ಆಂಜನೇಯ. ಹೊಸ ಗಾಡಿ ತಗೊಂಡವರು ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುತ್ತಿರುತ್ತಾರೆ. ಅರಮನೆ ನೋಡುವ ಆಸೆ ಇಲ್ಲಿ ಹುಟ್ಟುತ್ತದೆ, ಸಹಜ. ಆದರೆ ನೋಡುವವರು ಒಳಗೆ ಹೋಗೋದು ದಕ್ಷಿಣದ ವರಾಹ ದ್ವಾರದಿಂದ, ಅಲ್ಲಿಗೆ ಗೋಡೆ ಸುತ್ತಿ ಹೋಗಬೇಕು. ಈ ನಡಿಗೆಗೆ ಅದನ್ನು ಸೇರಿಸಬೇಡಿ. ಅರಮನೆ ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ತೆರೆದಿರುತ್ತದೆ, ಬೇರೆ ದಿನ ನೆಮ್ಮದಿಯಾಗಿ ಬನ್ನಿ. ಚಪ್ಪಲಿ ಬಿಟ್ಟು ಕಲ್ಲಿನ ನೆಲದ ಮೇಲೆ ಬಹಳ ಹೊತ್ತು ನಡೆಯಬೇಕಾಗುತ್ತದೆ. ದೀಪ ನೋಡಬೇಕಾದರೆ ಭಾನುವಾರ ಅಥವಾ ಸರ್ಕಾರಿ ರಜೆ ದಿನ ಸಂಜೆ ಏಳಕ್ಕೆ. ಸುಮಾರು 97,000 ಬಲ್ಬು ಒಟ್ಟಿಗೆ ಹತ್ತುತ್ತವೆ, ಆ ಕ್ಷಣಕ್ಕೆ ಜನರ ಬಾಯಿಂದ ಹೊರಡುವ ಉದ್ಗಾರ ಕೇಳೋದಕ್ಕಾದರೂ ಹೋಗಬೇಕು.

ಈ ಬಾಗಿಲ ಹತ್ತಿರ ಒಬ್ಬ ನಮ್ಮ ಹಿಂದೆ ಬಿದ್ದ. ಹಿಂದಿಯಲ್ಲಿ ಶುರು ಮಾಡಿದ: ಅರಮನೆ ಇವತ್ತು ಮಧ್ಯಾಹ್ನದ ಮೇಲೆ ತೆಗೆಯೋದು, ಅಲ್ಲಿವರೆಗೆ ಎಣ್ಣೆ ತೆಗೆಯೋ ಜಾಗ ತೋರಿಸುತ್ತೇನೆ, ದುಡ್ಡು ಬೇಡ. "ಇವತ್ತು ಯಾಕಪ್ಪ ಮುಚ್ಚಿದೆ?" ಅಂತ ನಾನು ಕೇಳಿದ್ದೇ ತಡ, "ಓ, ಲೋಕಲ್ಲಾ ಮೇಡಂ" ಅಂತ ನಕ್ಕು ಹೊರಟ. ಹೊರಗಿನಿಂದ ಬಂದವರಿಗೆ ಇದು ಹಳೇ ಬಲೆ. ಯಾರು ಏನೇ ಹೇಳಲಿ, ಬಾಗಿಲವರೆಗೆ ಹೋಗಿ ಕಣ್ಣಾರೆ ನೋಡಿ.

ಕೊನೆಗೆ ದೊಡ್ಡ ಗಡಿಯಾರ. 1927, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪು, 75 ಅಡಿ ಎತ್ತರ. ಹೆಚ್ಚಿನವರು ಬುಡದಲ್ಲಿ ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ. ಸ್ವಲ್ಪ ಹಿಂದೆ ಸರಿದು ಮುಖಫಲಕ ನೋಡಿ, ಅಂಕಿಗಳು ಕನ್ನಡದವು. ೧೨ರ ಕೆಳಗೆ ಮುಳ್ಳು ಬಂದು ನಿಂತದ್ದನ್ನು ಓದುವುದು ಈಗಿನ ಮಕ್ಕಳಿಗೆ ಒಂದು ಕ್ಷಣ ತಡವಾಗುತ್ತದೆ. ನನ್ನ ತರಗತಿಯ ಹುಡುಗನೊಬ್ಬ ೭ನ್ನೂ ೬ನ್ನೂ ಅದಲುಬದಲು ಮಾಡಿ "ಮಿಸ್, ಗಡಿಯಾರ ಕೆಟ್ಟಿದೆ" ಅಂದಿದ್ದ. ಅತ್ತೆಗೆ ಆ ತೊಂದರೆ ಇಲ್ಲ, ಅವರ ಮನೆಯ ಹಳೇ ಲೆಕ್ಕದ ಪುಸ್ತಕವೆಲ್ಲ ಕನ್ನಡ ಅಂಕಿಯಲ್ಲೇ ಇದೆ.

ಮಗ್ಗುಲಲ್ಲೇ ಟೌನ್‌ಹಾಲ್, ಸರಿಯಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ, 1884ರದ್ದು. 1881ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ ದಿವಾನ್ ರಂಗಾಚಾರ್ಲು ಅವರ ನೆನಪಿಗೆ. ಮುಂದಿನ ಉದ್ದುದ್ದ ಕಂಬಗಳ ನೆರಳಿನಲ್ಲಿ ಮೆಟ್ಟಿಲ ಮೇಲೆ ಕೂರಬಹುದು, ಕಾರ್ಯಕ್ರಮ ಇಲ್ಲದ ದಿನ ಯಾರೂ ಏಳಿಸಲ್ಲ. ಒಳಗೆ ನಾಟಕ, ಸಂಗೀತ ಇದ್ದರೆ ಇನ್ನೂ ಒಳ್ಳೆಯದು.

ಅಂಕ ಕೊಡೋದಾದರೆ ದಾರಿಗೆ ಐದಕ್ಕೆ ನಾಲ್ಕು, ಫುಟ್‌ಪಾತಿಗೆ ಒಂದೂವರೆ. ಶೌಚಾಲಯದ್ದು ದೊಡ್ಡ ಕೊರತೆ. ದಾರಿಯಲ್ಲಿ ಧೈರ್ಯವಾಗಿ ಹೆಂಗಸರನ್ನು ಕಳಿಸುವಂಥದ್ದು ನನಗೆ ಸಿಗಲಿಲ್ಲ. ಅದಕ್ಕೆ ಮಾರ್ಕೆಟ್ ಆದ ಮೇಲೆ ಸಯ್ಯಾಜಿರಾವ್ ರಸ್ತೆಯ ಯಾವುದಾದರೂ ಹೋಟೆಲ್ ಹೊಕ್ಕು ಇಡ್ಲಿ ಕಾಫಿ ಮುಗಿಸಿ, ಅಲ್ಲೇ ಆ ಕೆಲಸವನ್ನೂ ಮುಗಿಸಿಕೊಳ್ಳಿ. ಚಪ್ಪಲಿ ಹಿಂದೆ ಪಟ್ಟಿ ಇರೋದು ಹಾಕಿಕೊಳ್ಳಿ, ಮಾರ್ಕೆಟ್ ನೆಲ ಜಾರುತ್ತದೆ. ಮೂರು ಗಂಟೆ ಇಟ್ಟುಕೊಳ್ಳಿ, ಗ್ಯಾಲರಿ ಸೇರಿಸಿದರೆ ನಾಲ್ಕು. ಜಂಬೂ ಸವಾರಿ ದಿನ ಮಾತ್ರ ಈ ಕಡೆ ನಡಿಗೆ ಅಂತ ಬರಬೇಡಿ, ಆ ದಿನ ಈ ರಸ್ತೆ ಆನೆಗಳದ್ದು.

ವಾಪಸ್ ಹೋಗೋಕೆ ಟೌನ್‌ಹಾಲ್ ಮುಂದೆ ನಿಂತ ಆಟೋದವರೊಬ್ಬರು ಸರಸ್ವತಿಪುರಕ್ಕೆ ಮೀಟರಿನ ಎರಡರಷ್ಟು ಕೇಳಿದರು. ಅತ್ತೆ ಹೂವಿನ ಪೊಟ್ಟಣ ಎತ್ತಿಕೊಂಡು, "ನಡಿಯೇ, ಬಸ್ ಸ್ಟ್ಯಾಂಡ್ ಅಲ್ಲೇ ಕಾಣ್ತದಲ್ಲ" ಅಂದರು.